ಬಾಗಿಲಲ್ಲಿ ಹೇಳಬೇಕಾದ ಹೆಸರು

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠವೆಂದರೆ ದೊಡ್ಡದೇನಲ್ಲ. ಮಣ್ಣಿನ ಮಾಳಿಗೆಯ ಒಂದು ಮನೆ, ಮುಂದೆ ಒಂದು ಕಟ್ಟೆ, ಅಷ್ಟೇ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ ಇದ್ದರು. ಊರವರು ಗುರುವನ್ನು ಅಜ್ಜ ಎನ್ನುತ್ತಿದ್ದರು. ಶಿಷ್ಯನೂ ಹಾಗೆಯೇ ಕರೆಯುತ್ತಿದ್ದ.

ಊರು ದೇಸಾಯಿಯದು. ಅಂದರೆ ಹೊಲ ಅವನದು, ಬಾವಿ ಅವನದು, ನಡೆಯುವ ದಾರಿಯೂ ಅವನದೇ. ಎತ್ತರದ ಗೋಡೆಯ ಅವನ ವಾಡೆ ಊರ ನಡುವೆ ಇತ್ತು. ಅಲ್ಲಿಯ ಕೆಲಸಕ್ಕೆ ಜನ ಬಿಟ್ಟಿ ಹೋಗಬೇಕಿತ್ತು. ಬಿಟ್ಟಿ ಎಂದರೆ ಕೂಲಿಯಿಲ್ಲದ ದುಡಿಮೆ. ಕರೆದಾಗ ಹೋಗಬೇಕು, ಬಿಟ್ಟಾಗ ಬರಬೇಕು.

ಹುಲಿಗೆಪ್ಪ ಎಂಬ ಕಲ್ಲು ಒಡೆಯುವವನು ಒಮ್ಮೆ ಹೋಗಲಿಲ್ಲ. "ಕೂಲಿ ಕೊಟ್ರ ಬರ್ತೀನಿ" ಎಂದ. ಅವನನ್ನು ನೋಡಿ ಇನ್ನೂ ಕೆಲವರು ಮನೆಯಲ್ಲೇ ಉಳಿದರು.

ವಾಡೆಯಿಂದ ಹೇಳಿಕೆ ಬಂತು: "ಒಳಗೆ ಬಾ, ಕೂತು ಮಾತಾಡೋಣ."

ಹುಲಿಗೆಪ್ಪ ಒಳಗೆ ಹೋದ. ಹೊರಗೆ ಬಂದದ್ದನ್ನು ಯಾರೂ ನೋಡಲಿಲ್ಲ.

ಅವನ ಹೆಂಡತಿ ಗಾಳೆವ್ವ ಮರುದಿನದಿಂದ ವಾಡೆಯ ಬಾಗಿಲಲ್ಲಿ ನಿಂತಳು.

"ನಮ್ಮವರು ಎಲ್ಲಿ ಅದಾರ್ರಿ?" ಎಂದು ಕೇಳಿದಳು.

ಬಾಗಿಲು ಕಾಯುವವನು ಬಾಳ್ಯಾ. ಅವನಿಗೆ ನಗುವುದು ಗೊತ್ತಿತ್ತು.

"ನಿಮ್ಮವರು ಅಂದ್ರ ಯಾರವ್ವಾ? ಊರಾಗ ಎಲ್ಲಾರೂ ಯಾರದೋ ಒಬ್ಬರ ನಮ್ಮವರೇ. ಹೆಸರು ಹೇಳು, ಹುಡುಕ್ತೀನಿ."

ಗಾಳೆವ್ವ ತಲೆ ತಗ್ಗಿಸಿದಳು. ಆ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಗಂಡ ಬದುಕಿರಲಿ ಎಂದೇ ಬಾಗಿಲಿಗೆ ಬಂದವಳು ಹೆಸರನ್ನು ಹೇಗೆ ಹೇಳಿಯಾಳು? ಬಾಳ್ಯಾನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಕೇಳುತ್ತಿದ್ದ.

ದಿನಾ ಅವಳು ಕೇಳುವಳು. ದಿನಾ ಅವನು ಹೆಸರು ಕೇಳುವನು. ದಿನಾ ಅವಳು ಸುಮ್ಮನೆ ನಿಲ್ಲುವಳು.

ಒಂದು ದಿನ ಅವಳು ಮಠಕ್ಕೆ ಬಂದಳು. ಅಜ್ಜ ಹೊಳೆಯ ಆಚೆ ಊರಿಗೆ ಹೋಗಿದ್ದ. ಹೊಳೆ ತುಂಬಿ ಹರಿಯುತ್ತಿದ್ದರಿಂದ ಅಲ್ಲೇ ಉಳಿದಿದ್ದ. ಮಠದಲ್ಲಿ ಶಿಷ್ಯ ಒಬ್ಬನೇ ಇದ್ದ.

"ಯಪ್ಪಾ, ನನ್ನ ಕೂಡ ಬಾಗಿಲತನಕ ಬಾ. ನೀ ಏನೂ ಮಾಡಬ್ಯಾಡ. ಹೆಸರೊಂದು ಹೇಳು. ಉಳಿದದ್ದು ನಾ ಕೇಳ್ತೀನಿ."

ಶಿಷ್ಯ ಕೆಳಗೆ ನೋಡಿದ.

"ಅಜ್ಜ ಬರಲಿ, ಅವರನ್ನು ಕೇಳಿ ಬರ್ತೀನಿ" ಎಂದ.

ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅವನಿಗೆ ಹೆದರಿಕೆಯಾಗಿತ್ತು. ಗಾಳೆವ್ವ ಅವನ ಮುಖ ನೋಡಿ ಅದನ್ನು ತಿಳಿದಳು. ಹೊರಟುಹೋದಳು.

ಆಮೇಲೆ ದೇಸಾಯಿಯ ಕಾರಭಾರಿ ಮಠಕ್ಕೆ ಬಂದ. ಕಾರಭಾರಿ ಎಂದರೆ ವಾಡೆಯ ವ್ಯವಹಾರ ನೋಡಿಕೊಳ್ಳುವವನು. ಅವನ ಆಳು ಅಕ್ಕಿ, ಬೆಲ್ಲ, ಹೊಸ ಧೋತರ ತಂದು ಕಟ್ಟೆಯ ಮೇಲಿಟ್ಟ.

ಕಾರಭಾರಿಯ ಮಾತು ಮೆತ್ತಗಿತ್ತು.

"ಪಾಪ, ಆ ಹೆಣ್ಣುಮಗಳು ಬಿಸಿಲಾಗ ನಿಂತು ನಿಂತು ಹುಚ್ಚಿ ಆಗ್ತಾಳ. ಹುಲಿಗೆಪ್ಪ ವಾಡೆದಿಂದ ಹೊರಬಿದ್ದು ಹೊಳಿ ದಾಟಾಕ ಹೋಗಿರಬೇಕು. ಹೊಳಿ ಎಳಕೊಂಡಿರಬೇಕು. ದಿನಕರ್ಮ ಮಾಡಿ ಮುಗಿಸ್ರಿ ಸ್ವಾಮಿ. ಖರ್ಚು ದೇಸಾಯರದು. ಅವನಿಗೆ ಶಾಂತಿ, ಆಕಿಗೆ ಶಾಂತಿ."

ಶಿಷ್ಯನನ್ನು ಅದುವರೆಗೆ ಯಾರೂ ಸ್ವಾಮಿ ಎಂದಿರಲಿಲ್ಲ. ಅವನಿಗೆ ಗಾಳೆವ್ವನ ಮೇಲೆ ನಿಜವಾಗಿಯೂ ಕರುಣೆಯಿತ್ತು. ಆ ಕರುಣೆಗೆ ಈಗ ಒಂದು ಸುಲಭದ ದಾರಿ ಕಂಡಿತು.

ಅವನು ದರ್ಭೆಯಿಂದ ಒಂದು ಗೊಂಬೆ ಮಾಡಿದ. ಹೆಣ ಸಿಗದಿದ್ದಾಗ ಹಾಗೆ ಮಾಡುತ್ತಾರೆ. ಹುಲಿಗೆಪ್ಪನ ಹೆಸರು ಹೇಳಿ ಅದನ್ನು ಸುಟ್ಟ. ಎಲೆಯ ಮೇಲೆ ಅನ್ನ ಬಡಿಸಿ ಎಡೆ ಇಟ್ಟ. ಸತ್ತವನಿಗೆ ಇಟ್ಟ ಅನ್ನವನ್ನು ಕಾಗೆ ಮುಟ್ಟಿದರೆ ಸತ್ತವನು ತೃಪ್ತನಾದ ಎಂದು ಲೆಕ್ಕ.

ಕಾಗೆ ಬಂತು. ಮುಟ್ಟಿತು.

ಹೆಂಗಸರು ಗಾಳೆವ್ವನ ಬಳೆ ಒಡೆದರು, ಕುಂಕುಮ ಅಳಿಸಿದರು. ಅವಳು ಗೋಡೆಗೆ ತಲೆಯಿಟ್ಟು ಅತ್ತಳು. ಮರುದಿನ ವಾಡೆಯ ಬಾಗಿಲಿಗೆ ಹೋಗಲಿಲ್ಲ.

ಹೊಳೆ ಇಳಿದ ಮೇಲೆ ಅಜ್ಜ ಬಂದ. ಕಟ್ಟೆಯ ಮೇಲಿನ ಹೊಸ ಧೋತರ ನೋಡಿದ. ಶಿಷ್ಯ ನಡೆದದ್ದನ್ನೆಲ್ಲ ಹೇಳಿದ.

"ಹುಲಿಗೆಪ್ಪ ಸತ್ತದ್ದನ್ನು ನೋಡಿದವರು ಯಾರು?" ಎಂದು ಅಜ್ಜ ಕೇಳಿದ.

"ಕಾರಭಾರಿಯವರು ಹೇಳಿದರು."

"ಅವರು ನೋಡಿದರೇನು?"

"ಇಲ್ಲ. ಹೊಳೆ ಎಳೆದುಕೊಂಡಿರಬೇಕು ಅಂದರು."

"ಹೊಳೆಯನ್ನು ಕೇಳಿದೆಯಾ?"

"ಕಾಗೆ ಮುಟ್ಟಿತು ಅಜ್ಜಾ" ಎಂದ ಶಿಷ್ಯ.

"ಕಾಗೆಗೆ ಹಸಿವಾಗಿತ್ತು."

ಶಿಷ್ಯನ ಮುಖ ಸಣ್ಣದಾಯಿತು.

"ಗಾಳೆವ್ವ ಮಠಕ್ಕೆ ಬಂದಿದ್ದಳೇ?" ಎಂದು ಅಜ್ಜ ಮತ್ತೆ ಕೇಳಿದ.

"ಬಂದಿದ್ದಳು. ಬಾಗಿಲಲ್ಲಿ ಹೆಸರು ಹೇಳಲು ಬಾ ಅಂದಳು. ನಾನು ಹೋಗಲಿಲ್ಲ."

"ಬದುಕಿರುವವನೆಂದು ಹೇಳಲಾರದ ಹೆಸರನ್ನು ಸತ್ತವನೆಂದು ಹೇಗೆ ಹೇಳಿದೆ?"

ಅಜ್ಜ ಅಕ್ಕಿ, ಬೆಲ್ಲ, ಧೋತರ ಗಂಟು ಕಟ್ಟಿ, ತಾನೇ ಹೊತ್ತುಕೊಂಡು ಹೋಗಿ ವಾಡೆಯ ಮೆಟ್ಟಿಲ ಮೇಲಿಟ್ಟು ಬಂದ.

ಆಮೇಲೆ ಇಬ್ಬರೂ ಗಾಳೆವ್ವನ ಗುಡಿಸಲಿಗೆ ಹೋದರು. ಶಿಷ್ಯ ಹೊಸ್ತಿಲ ಹೊರಗೇ ನಿಂತ.

"ತಂಗೀ, ಹುಡುಗ ತಪ್ಪು ಮಾಡಿದ. ನಿನ್ನ ಗಂಡ ಸತ್ತದ್ದು ಯಾರಿಗೂ ಗೊತ್ತಿಲ್ಲ" ಎಂದ ಅಜ್ಜ.

"ಗೊತ್ತು ಅಜ್ಜಾ. ನನಗೂ ಯಾರೂ ಹೆಣ ತೋರಿಸಲಿಲ್ಲ."

"ಮತ್ತೆ ಯಾಕೆ ಒಪ್ಪಿದೆ?"

"ನಿಂತು ನಿಂತು ಸಾಕಾಗಿತ್ತು. ಒಬ್ಬರೂ ಬಾಜೂಕ ಬಂದು ನಿಲ್ಲಲಿಲ್ಲ. ಸತ್ತಾನ ಅಂದ್ರ ಅಳಾಕಾದ್ರೂ ಬರ್ತದ. ಬಾಗಿಲಾಗ ನಿಂತಾಗ ಅಳಾಕೂ ಬರ್ತಿರಲಿಲ್ಲ. ಅತ್ತರ ಸತ್ತಾನಂತ ನಾನೇ ಒಪ್ಪಿದಂಗ ಆಗ್ತಿತ್ತು. ಈಗ ಅಳ್ತೀನಿ. ಇದನ್ನಾದ್ರೂ ನನ್ನ ಕಡಿಂದ ಕಸಗೊಬ್ಯಾಡ್ರಿ."

ಅಜ್ಜ ಅವಳಿಗೆ ಬುದ್ಧಿ ಹೇಳಲಿಲ್ಲ.

"ಅಳು ತಂಗೀ" ಎಂದ.

ಹಿಂದಿರುಗುವಾಗ ದಾರಿಯಲ್ಲಿ ಅಜ್ಜ ಶಿಷ್ಯನಿಗೆ ಹೇಳಿದ: "ನಾಳೆಯಿಂದ ಬಾಗಿಲಲ್ಲಿ ನೀನು ನಿಲ್ಲು."

"ಅವಳೇ ಬಿಟ್ಟಿದ್ದಾಳಲ್ಲ ಅಜ್ಜಾ. ನಾನೇಕೆ?"

"ಅವಳ ತಲೆಯ ಮೇಲಿದ್ದ ಕೊಡವನ್ನು ನೀನು ಇಳಿಸಿದೆ. ಇಳಿಸಿದ್ದು ತಪ್ಪಲ್ಲ. ಆದರೆ ನೀರು ಚೆಲ್ಲಿಬಿಟ್ಟೆ."

"ನಾನು ಹೋದರೆ ಏನಾಗುತ್ತದೆ? ನೀವೇ ಹೋಗಬಹುದಲ್ಲ. ನಿಮ್ಮ ಮಾತಿಗೆ ಬೆಲೆ ಇದೆ."

"ನಾನು ಹೋದರೆ ದೇಸಾಯಿ ಕಂಬಳಿ ಹಾಸಿ ಕೂರಿಸುತ್ತಾನೆ, ಕಾಲು ಮುಟ್ಟುತ್ತಾನೆ, ಹಾಲು ಕೊಡುತ್ತಾನೆ. ಹಾಲು ಕುಡಿಯುತ್ತಾ ಏನೆಂದು ಕೇಳಲಿ?"

ಶಿಷ್ಯ ಒಪ್ಪಲಿಲ್ಲ. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅಜ್ಜ ಬೈಯಲಿಲ್ಲ, ಮತ್ತೆ ಹೇಳಲೂ ಇಲ್ಲ.

ಇಷ್ಟರಲ್ಲಿ ವಾಡೆಯಿಂದ ಮತ್ತೆ ಬಿಟ್ಟಿಗೆ ಕರೆ ಬಂತು. ಕುಂಬಾರರ ಸಂಗ್ಯಾ ಎಂಬ ಯುವಕ ಹೋಗಲಿಲ್ಲ. ಅವನಿಗೂ ಅದೇ ಹೇಳಿಕೆ ಬಂತು: "ಒಳಗೆ ಬಾ, ಕೂತು ಮಾತಾಡೋಣ." ಅವನು ಬರುವುದಿಲ್ಲ ಎಂದ. ಆಗ ಇಬ್ಬರು ಬಂದು ರಟ್ಟೆ ಹಿಡಿದು ಕರೆದೊಯ್ದರು.

ಅವನ ತಾಯಿ ಈರವ್ವ ಓಡಿ ಹೋಗಿ ಬಾಗಿಲಲ್ಲಿ ಕೇಳಿದಳು. ತಾಯಿ ಮಗನ ಹೆಸರು ಹೇಳಬಹುದು. ಆದ್ದರಿಂದ ಬಾಳ್ಯಾ ಬೇರೆ ಉತ್ತರ ಹುಡುಕಬೇಕಾಯಿತು.

ಆ ಉತ್ತರ ಹೊತ್ತುಕೊಂಡು ಈರವ್ವ ನೇರ ಮಠಕ್ಕೆ ಬಂದಳು. ಶಿಷ್ಯ ಅಂಗಳ ಗುಡಿಸುತ್ತಿದ್ದ.

"ಬಾಳ್ಯಾ ಏನಂದ ಗೊತ್ತೇನೋ? 'ಇಲ್ಲಿ ಯಾಕ ಬಂದಿ ಮುದುಕಿ, ಮಠಕ್ಕ ಹೋಗು. ಅಲ್ಲೊಬ್ಬ ಸ್ವಾಮಿ ಅದಾನ, ಛಲೋ ಎಡಿ ಇಡ್ತಾನ' ಅಂದ."

ಶಿಷ್ಯನ ಕೈಯಿಂದ ಕಸಬರಿಗೆ ಜಾರಿತು.

"ಹೇಳಪ್ಪಾ ಸ್ವಾಮಿ. ನನ್ನ ಮಗಗ ಯಾವಾಗ ಇಡ್ತಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಅಜ್ಜ ಒಳಗಿದ್ದ, ಎಲ್ಲವನ್ನೂ ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಶಿಷ್ಯ ಕಸಬರಿಗೆಯನ್ನು ಮೂಲೆಗಿಟ್ಟು ವಾಡೆಗೆ ನಡೆದ.

ಬಾಳ್ಯಾ ಅವನನ್ನು ದೂರದಿಂದಲೇ ಕಂಡ.

"ಬರ್ರಿ ಸ್ವಾಮಿ! ದಾರಿ ತಪ್ಪೀರೇನು? ಇಲ್ಲಿ ಕಾಗಿ ಬರೂದಿಲ್ಲ."

ಶಿಷ್ಯ ಬಾಗಿಲ ಎದುರು ಬಂದು ನಿಂತ.

"ಹುಲಿಗೆಪ್ಪ ಎಲ್ಲಿ?"

"ನೀವೇ ಸುಟ್ಟೀರಿ, ನಮ್ಮನ್ನ ಕೇಳ್ತೀರಿ!" ಎಂದು ಬಾಳ್ಯಾ ನಕ್ಕ.

"ನಾನು ಸುಟ್ಟದ್ದು ಹುಲ್ಲು. ಹುಲಿಗೆಪ್ಪ ಎಲ್ಲಿ? ಸಂಗ್ಯಾ ಎಲ್ಲಿ?"

ಬಾಳ್ಯಾನ ನಗು ನಿಂತಿತು. ಆದರೆ ಉತ್ತರ ಬರಲಿಲ್ಲ. ಸಂಜೆಯವರೆಗೂ ಬರಲಿಲ್ಲ.

ಶಿಷ್ಯ ದಿನಾ ಹೋಗತೊಡಗಿದ. ಬೆಳಗ್ಗೆ ಎರಡು ಹೆಸರು ಕೂಗುವನು, ಬಿಸಿಲೇರಿದಾಗ ಕೂಗುವನು, ಮರಳುವ ಮುನ್ನ ಕೂಗುವನು. ಉಳಿದ ಹೊತ್ತು ಸುಮ್ಮನೆ ನಿಲ್ಲುವನು.

ಜನ ಆ ಬೀದಿ ಬಿಟ್ಟು ಬಳಸಿ ಹೋಗತೊಡಗಿದರು. ಭಿಕ್ಷೆಗೆ ಹೋದರೆ ಬಾಗಿಲು ಹಾಕಿಕೊಂಡರು. ಒಬ್ಬ ಮುದುಕ ಮಾತ್ರ ಕಿಂಡಿಯಿಂದ ರೊಟ್ಟಿ ಕೊಟ್ಟು, "ನಾ ಕೊಟ್ಟೆ ಅಂತ ಯಾರಿಗೂ ಹೇಳಬ್ಯಾಡ. ನಾಳಿಂದ ಈ ಕಡೆ ಬರಲೂ ಬ್ಯಾಡ" ಎಂದ. ಶಿಷ್ಯ ಆ ರೊಟ್ಟಿಯನ್ನು ಹೊಳೆಯ ಬಳಿ ಒಬ್ಬನೇ ಕೂತು ತಿಂದ. ಒಂಟಿತನವೆಂದರೆ ಯಾರೂ ಇಲ್ಲದಿರುವುದು ಎಂದು ಅವನು ಅಂದುಕೊಂಡಿದ್ದ. ಎಲ್ಲರೂ ಇದ್ದು, ಎಲ್ಲರಿಗೂ ಕೇಳಿಸಿ, ಯಾರೂ ತಿರುಗಿ ನೋಡದಿರುವುದೂ ಒಂಟಿತನವೇ ಎಂದು ಆಗ ತಿಳಿಯಿತು.

ಗಾಳೆವ್ವ ಇಷ್ಟು ದಿನ ಹೀಗೆಯೇ ನಿಂತಿದ್ದಳು ಎಂಬುದೂ ತಿಳಿಯಿತು.

ಈರವ್ವ ಆಮೇಲೆ ಬಂದಳು. ಆದರೆ ಅವನ ಪಕ್ಕದಲ್ಲಿ ನಿಲ್ಲಲಿಲ್ಲ. ಬೀದಿಯ ಆಚೆ ಬದಿಗೆ ನಾಲ್ಕಾರು ಗಡಿಗೆ ಇಟ್ಟುಕೊಂಡು, ಮಾರುವವಳ ಹಾಗೆ ಕೂತಳು. ಯಾರೂ ಬಾರದ ಬೀದಿಯಲ್ಲಿ ಗಡಿಗೆ ಯಾರು ಕೊಳ್ಳುತ್ತಾರೆ? ಬಾಳ್ಯಾ ಕೇಳಿದರೆ, "ವ್ಯಾಪಾರಪ್ಪಾ" ಎನ್ನುವಳು. ಶಿಷ್ಯ ಮಗನ ಹೆಸರು ಕೂಗಿದಾಗ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವಳು.

ಒಂದು ಬೆಳಗ್ಗೆ ಗಾಳೆವ್ವನೂ ಆ ದಾರಿಯಲ್ಲಿ ಬಂದಳು. ಹಣೆ ಬರಿದಾಗಿತ್ತು, ಕೈ ಬರಿದಾಗಿತ್ತು. ತಲೆಯ ಮೇಲೆ ಸೌದೆಯ ಹೊರೆ ಇತ್ತು. ಅವನು ಕೂಗುವುದನ್ನು ಕೇಳಿ ನಿಂತಳು. ಅವನ ಕಡೆ ತಿರುಗದೆಯೇ ಹೇಳಿದಳು:

"ಜೋರಾಗಿ ಕೂಗೋ. ಅವರಿಗೆ ಕಿವಿ ಮಂದ. ಕಲ್ಲು ಒಡೆದು ಒಡೆದು ಹಂಗಾಗೇದ."

ಹೇಳಿ ಮುಂದೆ ಹೋದಳು.

ಆ ದಿನ ಶಿಷ್ಯ ಎಷ್ಟು ಜೋರಾಗಿ ಕೂಗಿದನೆಂದರೆ, ವಾಡೆಯ ಒಳಗಿನ ನಾಯಿಗಳು ಬೊಗಳಿದವು. ಕಾರಭಾರಿ ತಾನೇ ಬಾಗಿಲಿಗೆ ಬಂದ. ಅವನ ಮಾತು ಈಗಲೂ ಮೆತ್ತಗೇ ಇತ್ತು.

"ಯಾಕ ಗಂಟಲು ಹರಕೊಳ್ತೀರಿ ಸ್ವಾಮಿ? ನಾಳೆ ಬರ್ರಿ. ಒಳಗೆ ಕೂತು ಮಾತಾಡೋಣ."

ಬೀದಿಯ ಆಚೆ ಈರವ್ವ ಎದ್ದು ನಿಂತಳು. ಒಂದು ಗಡಿಗೆ ಉರುಳಿ ಒಡೆಯಿತು. ಅವಳು ಅದನ್ನು ನೋಡಲೂ ಇಲ್ಲ.

ಶಿಷ್ಯ ಸಂಜೆ ಮಠಕ್ಕೆ ಬಂದ. ಅಜ್ಜ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ. ಶಿಷ್ಯ ನಡೆದದ್ದನ್ನು ಹೇಳಿ ಅವನ ಎದುರು ಕೂತ.

"ನಾಳೆ ಹೋಗಲೇ ಅಜ್ಜಾ?"

"ಹೋಗಬೇಡ ಎಂದರೆ ನಿಲ್ಲುತ್ತೀಯಾ?"

"ಇಲ್ಲ" ಎಂದ ಶಿಷ್ಯ.

"ಒಳಗೆ ಕಾಲಿಡಬೇಡ. ಬಾಗಿಲ ಹೊರಗೇ ನಿಲ್ಲು."

"ಸಂಗ್ಯಾನೂ ಹೊರಗೇ ಇದ್ದ. ಎಳೆದುಕೊಂಡು ಹೋದರು."

"ಹೌದು."

"ನನಗೆ ಹೆದರಿಕೆಯಾಗುತ್ತದೆ."

"ನನಗೂ" ಎಂದ ಅಜ್ಜ.

ಶಿಷ್ಯ ತಲೆಯೆತ್ತಿ ನೋಡಿದ. ಗುರುವಿಗೂ ಹೆದರಿಕೆ ಇರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಅಜ್ಜನ ಬೆರಳುಗಳು ಜೋಳದಲ್ಲಿ ಏನನ್ನೋ ಹುಡುಕುತ್ತಲೇ ಇದ್ದವು. ಮೊರದಲ್ಲಿ ಕಲ್ಲು ಒಂದೂ ಉಳಿದಿರಲಿಲ್ಲ.

"ನಾನು ತಿರುಗಿ ಬರದಿದ್ದರೆ?" ಎಂದ ಶಿಷ್ಯ.

ಅಜ್ಜ ಮೊರವನ್ನು ಕೆಳಗಿಟ್ಟ.

"ನಿನ್ನ ಅವ್ವ ನಿನ್ನನ್ನು ಏನೆಂದು ಕೂಗುತ್ತಿದ್ದಳು? ಅದೊಂದನ್ನು ನನಗೆ ಹೇಳಿ ಹೋಗು."