ಬಾಣಂತಿಕೋಣೆ ಗುಡ್ಡಕ್ಕೆ ಆ ಹೆಸರು ಬಂದದ್ದು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಎರೆನೆಲದಲ್ಲಿ ಸಜ್ಜಿಹಾಳವೆಂಬ ಊರಿದೆ. ಊರಿನ ಪಡುವಣಕ್ಕೆ, ಜೋಳದ ಹೊಲಗಳು ಮುಗಿಯುವಲ್ಲಿ, ಒಂದು ಬೋಳು ಕಲ್ಲುಗುಡ್ಡ ನಿಂತಿದೆ. ಅದರ ಮೇಲೆ ಕೋಟೆಯಿಲ್ಲ, ಗುಡಿಯಿಲ್ಲ, ಶಾಸನವೂ ಇಲ್ಲ. ಅರ್ಧ ಗುಡ್ಡ ಹತ್ತಿದರೆ ಎರಡು ಭಾರಿ ಗುಂಡುಗಳ ಮೇಲೆ ಒಂದು ಚಪ್ಪಟೆ ಬಂಡೆ ಚಾವಣಿಯ ಹಾಗೆ ಕುಳಿತಿರುವುದು ಕಾಣುತ್ತದೆ. ಅದರ ಅಡಿಯಲ್ಲಿ ಒಂದು ಸಣ್ಣ ಊರಿನ ಜನ ಒತ್ತಿಕೊಂಡು ಕೂರುವಷ್ಟು ಜಾಗವಿದೆ. ಮೂಡಣಕ್ಕೆ ಪೂರ್ತಿ ತೆರೆದುಕೊಂಡಿರುವ ಈ ಗವಿಗೆ ಬಾಗಿಲಿಲ್ಲ, ಗೋಡೆಯಿಲ್ಲ. ಆದರೂ ಇದರ ಹೆಸರು ಬಾಣಂತಿಕೋಣೆ. ಗವಿಯಿಂದಾಗಿ ಇಡೀ ಗುಡ್ಡಕ್ಕೇ ಆ ಹೆಸರು ಬಂದಿದೆ. ಹೊರಗಿನಿಂದ ಬಂದವರು, ಯಾರೋ ಹೆಣ್ಣುಮಗಳು ಇಲ್ಲಿ ಹೆತ್ತಿರಬೇಕು ಎಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಇಲ್ಲಿ ಯಾರೂ ಹೆತ್ತಿಲ್ಲ. ಹೆಸರು ಬಂದ ಬಗೆ ಬೇರೆ.

ಅದು ತಿಳಿಯಬೇಕಾದರೆ ನಮ್ಮ ಕಡೆಯ ಹಳೆಯ ಮನೆಗಳು ಹೇಗಿರುತ್ತಿದ್ದವು ಎಂಬುದನ್ನು ಮೊದಲು ತಿಳಿಯಬೇಕು. ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ, ಅಂದರೆ ಚಪ್ಪಟೆ ಚಾವಣಿ. ಮಾಳಿಗೆಯ ಸುತ್ತ ಮೊಣಕಾಲೆತ್ತರದ ಗೋಡೆ, ನೀರು ಹೋಗಲು ಒಂದೋ ಎರಡೋ ಹರಿನಾಳ. ಅಡಿಗೆಯ ಒಲೆಯ ನೇರ ಮೇಲೆ ಹೊಗೆ ಹೋಗಲು ಬೆಳಕಿಂಡಿ, ಅಂದರೆ ಮಾಳಿಗೆಯಲ್ಲೇ ಕೊರೆದ ಒಂದು ತೂತು. ಬೆಳಕಿಂಡಿ ಇಲ್ಲದ ಕೋಣೆ ಮನೆಯಲ್ಲಿ ಒಂದೇ ಇರುತ್ತಿತ್ತು, ಅದು ಬಾಣಂತಿಯ ಕೋಣೆ. ಹೆತ್ತವಳಿಗೂ ಕೂಸಿಗೂ ಗಾಳಿ ತಾಗಬಾರದೆಂದು ಅದನ್ನು ಎಲ್ಲಕ್ಕಿಂತ ಒಳಗೆ ಕಟ್ಟುತ್ತಿದ್ದರು. ಅವಳು ಮಲಗುವ ಹೊರಸಿನ, ಅಂದರೆ ಹಗ್ಗದ ಮಂಚದ, ಕೆಳಗೆ ಹಗಲಿರುಳೂ ಒಂದು ಕೆಂಡದ ಮಡಕೆ ಇರುತ್ತಿತ್ತು. ಕೂಸಿಗೆ ಹೆಸರಿಡುವವರೆಗೆ ಆ ಮನೆಗೆ ಪುರುಡು, ಅಂದರೆ ಹೆರಿಗೆಯ ಮೈಲಿಗೆ. ಅಷ್ಟು ದಿನವೂ ಆ ಮಡಕೆಯಿಂದ ಒಂದು ಕೆಂಡವನ್ನೂ ಹೊರಗೆ ಕೊಡುತ್ತಿರಲಿಲ್ಲ. ಬೆಂಕಿ ಕೂಸನ್ನು ಬಿಟ್ಟು ಹೊಸ್ತಿಲು ದಾಟಿದರೆ ಕೂಸಿನ ಆಯುಷ್ಯವೂ ಅದರ ಹಿಂದೆ ಹೋಗುತ್ತದೆ ಎಂದು ಜನ ನಂಬಿದ್ದರು. ಬೇಡುವವರೂ ಅಪರೂಪ, ಕೊಡುವವರೂ ಅಪರೂಪ.

ಹಿಂದೆ ಒಮ್ಮೆ, ಯಾವ ಅರಸರ ಕಾಲವೆಂದು ಹೇಳುವವರು ಈಗ ಉಳಿದಿಲ್ಲ, ಮಾಘ ಮಾಸದ ಚಳಿಯಲ್ಲಿ ಸಜ್ಜಿಹಾಳದ ಮೇಲೆ ಆಲಿಕಲ್ಲಿನ ಮಳೆ ಬಿತ್ತು ಎನ್ನುತ್ತಾರೆ. ಆಲಿಕಲ್ಲು, ಜನರ ಬಾಯಲ್ಲಿ ಆನಿಕಲ್ಲು, ನಮ್ಮ ಕಡೆ ಹೊಸದಲ್ಲ. ಬೇಸಿಗೆಯ ಮೊದಲ ಮಳೆಗೆ ನಾಲ್ಕು ಬೀಳುತ್ತವೆ, ಮಕ್ಕಳು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಆ ದಿನವೂ ಮೊದಲಿಗೆ ಹಾಗೆಯೇ ಆಯಿತು. ಹೆಂಗಸರು ಸೆರಗೊಡ್ಡಿ ಅಂಗಳಕ್ಕೆ ಬಂದರು. ಆಮೇಲೆ ನಿಂಬೆಹಣ್ಣಿನ ಗಾತ್ರದವು ಬಿದ್ದವು, ಆಮೇಲೆ ಬೆಲ್ಲದ ಅಚ್ಚಿನಂಥವು. ಮಳೆ ನಿಂತಾಗ ಎರೆನೆಲ ಎಲ್ಲಿಯೂ ಕಾಣಲಿಲ್ಲ. ಕಣ್ಣು ಹೋದಷ್ಟು ದೂರ ಸುಣ್ಣ ಚೆಲ್ಲಿದಂತೆ ಬಿಳುಪು. ಕೊಯ್ಲಿಗೆ ಬಂದಿದ್ದ ಬಿಳಿಜೋಳ ನೆಲಕ್ಕೆ ಮಲಗಿತ್ತು, ಬೇವಿನ ಮರಗಳ ಕೆಳಗೆ ಎಲೆಗಳ ಜೊತೆಗೆ ಗಿಳಿಗಳೂ ಬಿದ್ದಿದ್ದವು.

ಮಳೆ ನಿಂತಿತು, ಇನ್ನೇನು ಭಯವಿಲ್ಲ ಎಂದು ಊರವರು ತಿಳಿದರು. ತಪ್ಪಾದದ್ದು ಅಲ್ಲಿಯೇ. ನೀರಾದರೆ ಹರಿದು ಹೋಗುತ್ತದೆ, ಆಲಿಕಲ್ಲು ಹರಿಯುವುದಿಲ್ಲ. ಮಾಳಿಗೆಯ ಸುತ್ತಲಿನ ಗೋಡೆಯೊಳಗೆ ಅದು ತೊಟ್ಟಿಯಲ್ಲಿ ತುಂಬಿದಂತೆ ತುಂಬಿಕೊಂಡಿತ್ತು, ಹರಿನಾಳಗಳು ಕಟ್ಟಿಹೋಗಿದ್ದವು. ಮೇಲಿನ ರಾಶಿ ಕರಗತೊಡಗಿದಾಗ ನೀರಿಗೆ ಉಳಿದಿದ್ದ ದಾರಿ ಬೆಳಕಿಂಡಿ ಒಂದೇ. ಬೆಳಕಿಂಡಿಯ ಕೆಳಗೆ ಒಲೆ. ಹೀಗೆ ನೋಡನೋಡುತ್ತ ಊರಿನ ಒಲೆಗಳೆಲ್ಲ ಒಂದೊಂದಾಗಿ ಚುಸ್ ಎಂದು ಆರಿದವು. ಕುಳ್ಳು, ಕಟ್ಟಿಗೆ ತೊಯ್ದವು. ಚಕಮಕಿ ಕಲ್ಲಿಗೆ ಹಿಡಿಯುವ ಅರಳೆಯೂ ತೊಯ್ದಿತು. ಗಂಡಸರು ಮೊರ, ಸಲಿಕೆ, ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆ ಹಿಡಿದು ಮಾಳಿಗೆ ಹತ್ತಿ ರಾಶಿಯನ್ನು ಕೆಳಗೆ ದಬ್ಬಿದರು. ಸ್ವಲ್ಪ ಹೊತ್ತಿಗೆ ಕೈಗಳು ಮರಗಟ್ಟಿ ಸಲಿಕೆಗಳು ತಾವಾಗಿಯೇ ಜಾರಿದವು. ಎರಡು ಮನೆಗಳ ಮಾಳಿಗೆ ಭಾರ ತಾಳದೆ ಕುಸಿದದ್ದನ್ನು ಕಂಡ ಮೇಲೆ ಊರಿನ ಗೌಡ ಅಮರಗೌಡ ಎಲ್ಲರನ್ನೂ ಗುಡ್ಡದ ಗವಿಗೆ ಹೊರಡಿಸಿದ. ಅಲ್ಲಿ ನೆಲ ಒಣಗಿತ್ತು. ಕುರುಬರು ಕೂಡಿಟ್ಟ ಮುಳ್ಳುಕಂಟಿ, ಕುರಿಯ ಹಿಕ್ಕೆ ಎಲ್ಲವೂ ಒಣಗಿಯೇ ಇದ್ದವು. ಇಲ್ಲದ್ದು ಬೆಂಕಿ ಮಾತ್ರ. ನೆರೆಯೂರಿಗೆ ಹೋಗಿ ತರೋಣವೆಂದರೆ ನಡುವಿನ ಹಳ್ಳ ತುಂಬಿ ಹರಿಯುತ್ತಿತ್ತು.

ಇಡೀ ಊರಿನಲ್ಲಿ ಬೆಂಕಿ ಉಳಿದದ್ದು ಒಂದೇ ಕಡೆ ಎಂದು ಈಗ ಯಾರಿಗಾದರೂ ಹೊಳೆಯುತ್ತದೆ, ಆಗಲೂ ಎಲ್ಲರಿಗೂ ಹೊಳೆದಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಊರಿಗೆ ಆಗ ಬಾಣಂತಿ ಒಬ್ಬಳೇ, ನಿಂಬೆವ್ವ. ಹೆಣ್ಣುಕೂಸು ಹುಟ್ಟಿ ಇನ್ನೂ ವಾರವಾಗಿರಲಿಲ್ಲ. ಗಂಡ ಕುರಿಗಳ ಸಂಗಡ ಹೊಳೆಯಾಚೆಗೆ ಹೋಗಿದ್ದ. ಬಾಣಂತಿ ಹೊಸ್ತಿಲು ದಾಟಬಾರದೆಂದು ಅವಳು ಅತ್ತೆ ದ್ಯಾವವ್ವನ ಜೊತೆ ಊರಿನಲ್ಲೇ ಉಳಿದಿದ್ದಳು. ಇದಕ್ಕೆ ಮುಂಚೆ ಅವಳು ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದಳು. ಎರಡನೆಯದು ಹೋದಾಗ, ಆ ವಾರ ಅವಳು ಒಲೆ ಆರಿದ ನೆರೆಯವಳಿಗೆ ಒಂದು ಕೆಂಡ ಕೊಟ್ಟಿದ್ದಳೆಂಬ ಸುದ್ದಿ ಹೊರಬಿತ್ತು. ಆಗ ಬಾವಿಕಟ್ಟೆಯ ಮೇಲೆ ನಿಂತು, "ಕೆಂಡ ಕೊಟ್ಟು ಕೂಸು ತಿಂದಾಕಿ" ಎಂದು ಹತ್ತು ಜನರ ಮುಂದೆ ಅಂದವಳು ಗೌಡನ ಹೆಂಡತಿ ಲಚಮವ್ವ. ಆ ಮಾತು ನಿಂಬೆವ್ವನಿಗೆ ಹೆಸರಿನ ಹಾಗೆ ಅಂಟಿಕೊಂಡಿತ್ತು.

ಗವಿಯಿಂದ ಬೆಂಕಿ ಕೇಳಲು ಇಳಿದು ಬಂದವಳೂ ಲಚಮವ್ವನೇ. ಗೌಡ ಬೇರೆಯವರನ್ನು ಕಳಿಸುತ್ತೇನೆ ಎಂದರೂ ಅವಳು ಒಪ್ಪಲಿಲ್ಲ ಎನ್ನುತ್ತಾರೆ. ಬರಿಗಾಲಿನಲ್ಲಿ ಆಲಿಕಲ್ಲು ತುಳಿದುಕೊಂಡು ಬಂದು, ಹೊಸ್ತಿಲು ಎಲ್ಲಿದ್ದೀತೆಂದು ಅಂದಾಜು ಮಾಡಿ ಅದರ ಆಚೆ ನಿಂತಳು. ಬಾಗಿಲಿಗೆ ರಾಶಿ ಬಂದು ಒರಗಿದ್ದರಿಂದ ಹೊಸ್ತಿಲು ಕಾಣುತ್ತಿರಲಿಲ್ಲ.

"ನಿಂಬೆವ್ವಾ, ಬೆಂಕಿ ಬೇಕಾಗೇದ" ಎಂದಳು.

ದ್ಯಾವವ್ವ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. "ಕೂಸಿನ ಮನ್ಯಾಗ ಬೆಂಕಿ ಕೇಳ್ತಾರೇನು ಗೌಡಸಾನಿ? ಊರಿಗೆಲ್ಲ ಇದನ್ನ ಕಲಿಸಿದಾಕಿ ನೀನs ಅಲ್ಲೇನು?"

"ಹೌದು, ನಾನs."

ಒಳಗಿನ ಕತ್ತಲೆಯಿಂದ ನಿಂಬೆವ್ವನ ದನಿ ಬಂತು. "ಅವತ್ತು ಒಂದು ಕೆಂಡಕ್ಕ ಕೂಸು ತಿಂದಾಕಿ ಅಂದಿ. ಇವತ್ತು ಮಡಿಕಿನs ಕೇಳಾಕ ಬಂದೀದಿ. ಈ ಕೂಸಿಗೇನರ ಆತಂದ್ರ ನನಗ ಯಾವ ಹೆಸರು ಇಡ್ತಿ?"

ಲಚಮವ್ವ ಒಳಗಿನ ಕತ್ತಲೆಗೇ ಮುಖ ಮಾಡಿ ಹೇಳಿದಳು. "ಅವತ್ತು ಅಂದದ್ದು ಸುಳ್ಳು ಅಂತ ಈಗ ಅಂದ್ರ, ಬೆಂಕಿ ಆಸೇಕ ಅಂದ್ಲು ಅಂತೀದಿ. ಅದಕ್ಕ ಏನೂ ಅನ್ನಂಗಿಲ್ಲ. ಮ್ಯಾಲೆ ಸಣ್ಣ ಹುಡುಗುರು ನಡಗೋದೂ ಬಿಟ್ಟಾರ, ಯವ್ವಾ."

ಈ ಮಾತಿನ ತೂಕ ನಮ್ಮ ಕಡೆಯವರಿಗೆ ಗೊತ್ತು. ಚಳಿಗೆ ಮೈ ನಡುಗುವವರೆಗೆ ಮೈಯಲ್ಲಿ ಕಾವು ಇದೆಯೆಂದು ಅರ್ಥ. ನಡುಕ ನಿಂತು ಮಕ್ಕಳು ತೂಕಡಿಸತೊಡಗಿದರೆ ಅವರನ್ನು ಬೆಂಕಿ ಒಂದೇ ಉಳಿಸಬಲ್ಲದು. ಹೊತ್ತು ಇಳಿಯುತ್ತಿತ್ತು, ಆಕಾಶ ತಿಳಿಯಾಗುತ್ತ ಬಂದು ಚಳಿ ಏರುತ್ತಿತ್ತು. ಇತ್ತ ನಿಂಬೆವ್ವನ ಮಡಿಲಲ್ಲಿ ಅವಳ ಕೂಸು ಬೆಚ್ಚಗೆ ಮಲಗಿತ್ತು. ಎರಡನ್ನು ಕಳೆದುಕೊಂಡವಳಿಗೆ ಮೂರನೆಯದನ್ನು ಪಣಕ್ಕೆ ಒಡ್ಡು ಎಂದು ಹೇಳುವ ಹಕ್ಕು ಯಾರಿಗೂ ಇರಲಿಲ್ಲ. ಬಂದವಳಿಗಂತೂ ಇರಲೇ ಇಲ್ಲ. ಕಟ್ಟಳೆ ಸುಳ್ಳೆಂದು ನಿಂಬೆವ್ವನಿಗೂ ಅನ್ನಿಸಿರಲಿಲ್ಲ. ಅವಳೂ ಆ ಊರಿನ ಹೆಣ್ಣೇ, ನಂಬಿದ್ದಳು. ಕೊಡುವುದಿಲ್ಲ ಎಂದಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಅವಳು ಎದ್ದು ಕುಳಿತು ಕೂಸನ್ನು ಕಂಬಳಿಯಲ್ಲಿ ಸುತ್ತತೊಡಗಿದಳು.

"ಬೆಂಕಿ ಕೂಸಿನ ಬಿಟ್ಟು ಹೋಗಬಾರದು. ಕಟ್ಟಳಿ ಅಷ್ಟs ಹೌದಿಲ್ಲೋ?" ಎಂದು ಕೇಳಿದಳು. "ಹಂಗಾದ್ರ ಕೂಸೂ ಬೆಂಕಿ ಕೂಡ ಬರ್ತದ. ಮಡಿಕಿ ನೀ ಹೊರು, ಕೂಸಿನ ನಾ ಹೊರತೀನಿ. ಮುಂದ ನೀ, ಹಿಂದ ನಾ. ನಡುವ ಯಾರೂ ಬರಬಾರದು."

"ಹಸಿ ಮೈಯಾಗ ಹೊಸ್ತಿಲ ದಾಟ್ತಿಯೇನs?" ಎಂದು ದ್ಯಾವವ್ವ ಚೀರಿದಳು.

"ಹೊಸ್ತಿಲ ಎಲ್ಲದ ಅತ್ತಿ? ಆನಿಕಲ್ಲಾಗ ಮುಚ್ಚಿ ಹೋಗೇದ. ನನಗಂತೂ ಕಾಣವಲ್ದು."

ಹೀಗೆ ಅವರು ಹೊರಟರು. ಪುರುಡಿನ ಮಡಕೆಯನ್ನು ಮುಟ್ಟಿದೊಡನೆ ಗೌಡಸಾನಿಗೂ ಪುರುಡು ಬಂತು, ಅವಳು ಅದನ್ನು ಲೆಕ್ಕಿಸಲಿಲ್ಲ. ಒಣಬಟ್ಟೆಯೆಲ್ಲ ಕೂಸಿಗೇ ಬೇಕಾದ್ದರಿಂದ ಸಿಂಬಿಯಿಲ್ಲದೆ ತನ್ನ ತುರುಬಿನ ಮೇಲೆಯೇ ಮಡಕೆ ಇಟ್ಟುಕೊಂಡಳು. ಹಿಂದೆ ನಿಂಬೆವ್ವ, ಅವಳ ಹಿಂದೆ ಗೊಣಗುತ್ತ, ಸೊಸೆಯ ಸೊಂಟಕ್ಕೆ ಕೈಕೊಟ್ಟು ದ್ಯಾವವ್ವ. ಆಲಿಕಲ್ಲು ಕಾಲಡಿಯಲ್ಲಿ ಕಡಲೆಯ ಹಾಗೆ ಹೊರಳುತ್ತಿತ್ತು. ಲಚಮವ್ವ ಒಮ್ಮೆ ಜಾರಿ ಮೊಣಕಾಲೂರಿ ಬಿದ್ದಳು, ಮಡಕೆಯನ್ನು ಬಿಡಲಿಲ್ಲ. ಬಿಸಿ ತಾಗಿ ಅವಳ ನೆತ್ತಿಯ ಕೂದಲು ಸುಟ್ಟಿತೆಂದೂ, ಸಾಯುವತನಕ ಅಲ್ಲಿ ಕೂದಲು ಬರಲಿಲ್ಲವೆಂದೂ ಹೇಳುತ್ತಾರೆ.

ಗವಿಯಲ್ಲಿ ಇನ್ನೊಂದು ತೊಡಕು ಕಾದಿತ್ತು. ಪುರುಡಿನ ಬೆಂಕಿಗೆ ಕೈ ಚಾಚಿದರೆ ಮೈಲಿಗೆಯಾಗುತ್ತದೆ ಎಂದು ಕೆಲವು ಹಿರಿಯರು ಹಿಂದೆಗೆದರು. ಹಾಲಗೊಂಡ ಎಂಬ ಮುದಿ ಕುರುಬ ಎಲ್ಲರಿಗಿಂತ ಮೊದಲು ಮಡಕೆಯ ಮುಂದೆ ಕುಕ್ಕರಿಸಿದ. "ಕೈಗೆ ಮೈಲಿಗಿ ತಾಗ್ತದಂತ ಹೇಳ್ತೀರಿ. ಕೈ ಎಲ್ಲದ ಅಂತ ಮದಲ ತೋರಿಸ್ರಪ್ಪಾ, ನನಗs ಗೊತ್ತಾಗವಲ್ದು" ಎಂದ. ನಗೆ ಎದ್ದಿತು. ನಗೆಯ ನಡುವೆ ಯಾರೋ ಕಂಟಿ ಒಡ್ಡಿದರು, ಹಿಕ್ಕೆ ಸುರಿದರು, ಉರಿ ಎದ್ದಿತು. ತೂಕಡಿಸುತ್ತಿದ್ದ ಮಕ್ಕಳನ್ನು ಅದರ ಸುತ್ತ ಮಲಗಿಸಿ ಅಂಗಾಲು ತಿಕ್ಕಿದರು. ಮೊದಲ ಮಗು ನಡುಗತೊಡಗಿದಾಗ ತಾಯಂದಿರು ಸಂತೋಷದಿಂದ ಅತ್ತರಂತೆ. ನಿಂಬೆವ್ವ ಗವಿಯ ಮೂಲೆಯಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು, ಅದರ ಮೂಗಿನ ಮುಂದೆ ಬೆರಳು ಹಿಡಿದು, ಬೆಳಗಾಗುವವರೆಗೂ ರೆಪ್ಪೆ ಮುಚ್ಚದೆ ಕುಳಿತಿದ್ದಳು. ಬೆಳಕು ಹರಿದಾಗ ಕೂಸು ಹಾಲಿಗಾಗಿ ಅತ್ತಿತು. ಅವಳು ಹಾಲು ಕೊಟ್ಟು ಆಮೇಲೆ ನಿದ್ದೆಹೋದಳು.

ಆದರೆ ಆ ಬೆಂಕಿಯನ್ನು ಮುಟ್ಟಿದ ಮೇಲೆ ಊರಿಗೆ ಊರೇ ಪುರುಡಿನ ಮನೆಯಾಗಿತ್ತು. ಕೂಸಿಗೆ ಹೆಸರಿಡುವವರೆಗೆ ಕೂಸನ್ನೂ ಬೆಂಕಿಯನ್ನೂ ಅಗಲಿಸುವಂತಿರಲಿಲ್ಲ. ಆದ್ದರಿಂದ ಅಷ್ಟು ದಿನವೂ ಆ ಗವಿಯೇ ಊರಿನ ಬಾಣಂತಿಕೋಣೆಯಾಯಿತು. ಹೆಸರು ಹುಟ್ಟಿದ್ದು ಹೀಗೆ. ಗಂಡಸರು ಹಗಲು ಇಳಿದು ಹೋಗಿ ಮಾಳಿಗೆಗಳನ್ನು ಬಳಿದು, ಹರಿನಾಳ ಬಿಡಿಸಿ, ಕುಸಿದ ಮನೆಗಳ ತೊಲೆ ಎತ್ತಿ, ಸಂಜೆಗೆ ಮರಳಿ ಗವಿಗೆ ಬರುತ್ತಿದ್ದರು. ಹೆಂಗಸರು ಹೊಲಕ್ಕೆ ಹೋಗಿ, ಬಿದ್ದ ಜೋಳದ ತೆನೆಗಳನ್ನು ಆಲಿಕಲ್ಲಿನೊಳಗಿಂದ ಹೆಕ್ಕಿ ತಂದು ಅದೇ ಕೆಂಡದಲ್ಲಿ ಸುಟ್ಟು ಎಲ್ಲರಿಗೂ ಹಂಚುತ್ತಿದ್ದರು.

ಹೆಸರಿಡುವ ದಿನ ಬಂತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಅವಳು ಬಾಗಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ತಮಾಷೆಯ ಗುದ್ದು. ನಿಂಬೆವ್ವನ ಗಂಡನಿಗೆ ಅಕ್ಕತಂಗಿಯರಿರಲಿಲ್ಲ. "ನಾ ಕುಂದರತೀನಿ" ಎಂದು ಲಚಮವ್ವ ತಾನಾಗಿಯೇ ತೊಟ್ಟಿಲ ಬಳಿ ಬಂದು ಬೆನ್ನು ಬಾಗಿಸಿದಳು. ತಿಪ್ಪೆಗೆ ಎಸೆದ ಕೂಸೆಂದು ಸಾವನ್ನು ವಂಚಿಸಲು ತಿಪ್ಪವ್ವ ಎಂದಿಡಬೇಕೆಂದು ದ್ಯಾವವ್ವ ಹಟ ಹಿಡಿದಿದ್ದಳು. ಗೌಡಸಾನಿ ಕಿವಿಯಲ್ಲಿ ಹೇಳಿದ್ದು ನೂರಂದವ್ವ ಎಂದು, ನೂರು ವರ್ಷ ಬಾಳಲೆಂದು. ಹೆಂಗಸರು ಒಬ್ಬೊಬ್ಬರಾಗಿ ಮೆಲ್ಲಗೆ ಗುದ್ದಿದರು, ಗೌಡನ ಹೆಂಡತಿಯಲ್ಲವೇ. ಕೊನೆಗೆ ಬಾಣಂತಿಯೇ ಎದ್ದು ಬಂದಳು. ಬಾಣಂತಿ ಗುದ್ದುವ ಪದ್ಧತಿ ಎಲ್ಲಿಯೂ ಇಲ್ಲ. ನಿಂಬೆವ್ವ ಮುಷ್ಟಿ ಬಿಗಿದು ಕೊಟ್ಟ ಏಟಿಗೆ ಲಚಮವ್ವ ತೊಟ್ಟಿಲ ಮೇಲೆ ಮುಗ್ಗರಿಸಿದಳು.

"ಇನ್ನೂ ಬಾಕಿ ಅದಾವೇನವ್ವಾ?" ಎಂದು ಹಾಗೆಯೇ ಬಾಗಿ ಕೇಳಿದಳು.

"ಒಂದs ಇತ್ತು. ಮುಟ್ಟಿತು" ಎಂದಳು ನಿಂಬೆವ್ವ.

ನಿಂಬೆವ್ವ ಗುಡ್ಡ ಹತ್ತಿದ ಸಂಜೆಯೇ ಅವಳ ಮನೆಯ ಮಾಳಿಗೆ ಬಿದ್ದಿತು, ಹೋಗದಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದು ಹೊರಗಿನವರು ಕಥೆ ಕಟ್ಟುತ್ತಾರೆ. ಸಜ್ಜಿಹಾಳದವರು ಅದನ್ನು ಒಪ್ಪುವುದಿಲ್ಲ. ಮಾಳಿಗೆ ಬೀಳಲಿಲ್ಲ. ಬಿದ್ದಿದ್ದರೆ ಅವಳು ತನ್ನ ಕೂಸಿಗಾಗಿ ಬಂದಳು ಎಂದಾಗುತ್ತಿತ್ತು. ಬೆಚ್ಚಗಿನ, ಗಟ್ಟಿಯಾದ ಕೋಣೆಯನ್ನು ಬಿಟ್ಟು ಅವಳು ಬಂದಳು ಎಂಬುದನ್ನು ನಮ್ಮ ಹಿರಿಯರು ಒತ್ತಿ ಹೇಳುತ್ತಾರೆ.

ಇಂದು ಗುಡ್ಡ ಹತ್ತಿದವರಿಗೆ ಗವಿಯ ಚಾವಣಿ ಕಾಡಿಗೆಯಂತೆ ಕಪ್ಪಾಗಿರುವುದು ಕಾಣುತ್ತದೆ. ನೆಲದ ಬಂಡೆಯಲ್ಲಿ ಮಡಕೆ ಕೂರುವಷ್ಟು ಒಂದು ಗುಳಿ ಇದೆ. ಅದರಲ್ಲಿ ಬೂದಿ ಯಾವಾಗಲೂ ಹೊಸದಾಗಿರುತ್ತದೆ. ಊರಿನ ಮನೆಮನೆಗೂ ಗ್ಯಾಸಿನ ಒಲೆ ಬಂದಿದೆ, ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ, ಬಾಣಂತಿಗೆ ಕೆಂಡ ಕಾಯಿಸುವವರು ಕಡಿಮೆ. ಆದರೂ ಯಾವ ಜಾತಿಯ, ಯಾವ ಓಣಿಯ ಕೂಸಾದರೂ ಹೆಸರಿಡುವುದು ಇಲ್ಲಿಯೇ. ನೂರಂದವ್ವ ಎಂಬ ಹೆಸರಿನವರು ಊರಿನಲ್ಲಿ ಇಂದಿಗೂ ಹಲವರಿದ್ದಾರೆ. ಗೌಡರ ಮನೆಯ ಒಬ್ಬ ಹೆಣ್ಣುಮಗಳು ಸೋದರತ್ತೆಯಾಗಿ ಬರಲೇಬೇಕು. ಈಗಿನ ಸೊಸೆ ತಾಲ್ಲೂಕಿನ ಊರಿನಲ್ಲಿ ಶಿಕ್ಷಕಿ. ಆ ದಿನ ರಜೆ ಹಾಕಿ ಬಂದು ಬೆನ್ನು ಬಾಗಿಸುತ್ತಾಳೆ. ಕೊನೆಯ ಗುದ್ದು ಬಾಣಂತಿಯದು, ಅದು ಮೆತ್ತಗಿರಬಾರದು. ಸದ್ದು ಬಂಡೆಗೆ ಬಡಿದು ಮರಳುತ್ತದೆ, ಕೂಸು ಬೆಚ್ಚಿ ಅಳುತ್ತದೆ, ಹೆಂಗಸರು ನಗುತ್ತಾರೆ. ಆಮೇಲೆ ಗೌಡರ ಮನೆಯವಳು ಬೆನ್ನು ಸವರಿಕೊಳ್ಳುತ್ತ ಗುಳಿಯಲ್ಲಿಟ್ಟ ಕೆಂಡದ ಮಡಕೆ ಎತ್ತಿ ತಲೆಯ ಮೇಲಿಟ್ಟುಕೊಂಡು ಇಳಿಯತೊಡಗುತ್ತಾಳೆ. ಅವಳ ಹಿಂದೆ ಕೂಸನ್ನೆತ್ತಿಕೊಂಡ ತಾಯಿ. ಎಷ್ಟೇ ಜನ ಕೂಡಿದ್ದರೂ ಆ ಇಬ್ಬರ ನಡುವೆ ಯಾರೂ ಬರುವುದಿಲ್ಲ.