ತಗಡಿನ ಕೆಳಗಿನ ಪರೀಕ್ಷೆ

"ಗುರುಗಳೇ, ಮೂರು ವರ್ಷದಿಂದ ನನಗೆ ಸಿಟ್ಟೇ ಬಂದಿಲ್ಲ. ನಾನು ಸಿಟ್ಟನ್ನು ಗೆದ್ದಂತಾಯಿತೇ?" ಎಂದು ಚನ್ನವೀರ ಕೇಳಿದ. ಮಠದ ಹಿಂದಿನ ಕೋಣೆಯಲ್ಲಿ ಕೂತು ಓಲೆಗರಿಗಳನ್ನು ನಕಲು ಮಾಡುವುದು ಅವನ ಕೆಲಸ. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಬಿಸಿಲುಸೀಮೆಯಲ್ಲಿ ಹುಲಿಗೆಮ್ಮ ಎಂಬವಳು ಸಣ್ಣ ಸೋಲಾರ್ ಇನ್ವರ್ಟರ್ ಕಟ್ಟುತ್ತಿದ್ದಳು. ಊರ ಆಸ್ಪತ್ರೆಯಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಜ್ಜು, ಕರೆಂಟು ಹೋದಾಗ ಅವಳ ಇನ್ವರ್ಟರನ್ನೇ ನಂಬಿತ್ತು. ಒಂದು ವೈಶಾಖದಲ್ಲಿ ಆ ಇನ್ವರ್ಟರ್ ನಿಂತುಹೋಯಿತು. ಲಸಿಕೆಯೆಲ್ಲ ಕೆಟ್ಟಿತು. ಕೂಸುಗಳನ್ನು ಎತ್ತಿಕೊಂಡು ನಡೆದು ಬಂದಿದ್ದ ತಾಯಂದಿರು ಹಾಗೆಯೇ ಹಿಂದಿರುಗಿದರು. ಹುಲಿಗೆಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅಂದು ಅವಳಿಗೆ ಅನ್ನ ಸೇರಲಿಲ್ಲ.

ಆಸ್ಪತ್ರೆಯ ತಗಡಿನ ಚಾವಣಿಯ ಕೆಳಗೆ ಕಾಯುತ್ತಿದ್ದ ಪೆಟ್ಟಿಗೆಯನ್ನು ಬಿಚ್ಚಿದರೆ, ಕೆಪಾಸಿಟರ್ ತಲೆಯುಬ್ಬಿ ಒಳಗೆಲ್ಲ ಒಣಗಿತ್ತು. ಕರೆಂಟಿನ ಏರಿಳಿತವನ್ನು ತಾನು ತಡೆದುಕೊಂಡು ಸಮ ಮಾಡಿ ಬಿಡುವ ಭಾಗ ಅದು. ಮಾರಿದ ವ್ಯಾಪಾರಿ ಅಂಥದ್ದೇ ಇನ್ನೊಂದನ್ನು ಅಂಗಡಿಯ ಮೇಜಿನ ಮೇಲೆ ಜೋಡಿಸಿ ತೋರಿಸಿದ. ಅದು ಸೊಗಸಾಗಿ ನಡೆಯಿತು.

"ಇದರಲ್ಲಿ ದೋಷ ಎಲ್ಲಿದೆ, ತಾಯಿ?" ಎಂದ.

"ದೋಷ ನನ್ನದು. ನಾನೂ ಇದನ್ನು ಫ್ಯಾನಿನ ಕೆಳಗೆ ಕೂತೇ ಆರಿಸಿದೆ" ಎಂದಳು.

ಅವಳು ಮೂರು ಬಗೆಯ ಕೆಪಾಸಿಟರ್ ತಂದು, ಮೂರು ಪೆಟ್ಟಿಗೆಗಳಲ್ಲಿ ಹಾಕಿ, ಕಾದ ತಗಡಿನ ಕೆಳಗೆ ಬಿಡುವಿಲ್ಲದೆ ನಡೆಸಿದಳು. ಬೇಸಿಗೆ ಮುಗಿಯುವುದರೊಳಗೆ ಒಂದು ಉಬ್ಬಿತು. ದೀಪಾವಳಿಯ ಹೊತ್ತಿಗೆ ಇನ್ನೊಂದು ಸೋತಿತು. ಮೂರನೆಯದು, ಒಣಗಲು ಒಳಗೆ ದ್ರವವೇ ಇಲ್ಲದ ಬಗೆ, ಜಗ್ಗಲಿಲ್ಲ. ಗಾತ್ರದಲ್ಲಿ ಅದು ದೊಡ್ಡದು. ಹಳೆಯ ಪೆಟ್ಟಿಗೆಯಲ್ಲಿ ಅದು ಹಿಡಿಸದ್ದರಿಂದ ಹುಲಿಗೆಮ್ಮ ಪೆಟ್ಟಿಗೆಯನ್ನೇ ಹೊಸದಾಗಿ ಮಾಡಿ ಆಸ್ಪತ್ರೆಯಲ್ಲಿ ಕೂರಿಸಿದಳು. ಜೊತೆಯ ಕಸುಬುದಾರರು ಅದನ್ನು ಮದುವೆ ಟ್ರಂಕು ಎಂದು ನಕ್ಕರು.

ಮರುವರ್ಷದ ವೈಶಾಖದಲ್ಲಿ ಬಿರುಗಾಳಿ ಬೀಸಿ ಕಂಬಗಳು ಉರುಳಿದವು. ಒಂಬತ್ತು ದಿನ ಎಲ್ಲಿಯೂ ಕರೆಂಟಿಲ್ಲ. ಸುತ್ತಣ ಊರುಗಳ ಫ್ರಿಜ್ಜುಗಳು ಒಂದೊಂದಾಗಿ ನಿಂತವು. ಅಲ್ಲಿಯ ನರ್ಸುಗಳು ತಮ್ಮ ಲಸಿಕೆಯನ್ನೂ ಹೊತ್ತು ಈ ಆಸ್ಪತ್ರೆಗೇ ಬಂದರು. ಹುಲಿಗೆಮ್ಮನ ಪೆಟ್ಟಿಗೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಹತ್ತನೆಯ ದಿನ ಆ ಎಲ್ಲ ಊರುಗಳ ಮಕ್ಕಳು ಆಸ್ಪತ್ರೆಯ ಅಂಗಳದಲ್ಲಿ ನೆರೆದರು. ಮೊದಲ ಕೂಸನ್ನು ನರ್ಸಮ್ಮ ಹುಲಿಗೆಮ್ಮನ ಮಡಿಲಲ್ಲೇ ಕೂರಿಸಿ ಸೂಜಿ ಚುಚ್ಚಿದಳು. ಕೂಸು ಊರು ಕೇಳುವಂತೆ ಅತ್ತಿತು. ಹುಲಿಗೆಮ್ಮ ಕಣ್ಣು ತುಂಬಿ ನಕ್ಕಳು. ಟ್ರಂಕು ಎಂದವರು ಮರುದಿನ ಅಳತೆ ಕೇಳಲು ಬಂದರು. ಅವಳು ಮುಚ್ಚುಮರೆಯಿಲ್ಲದೆ ಕೊಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ತನ್ನ ಪ್ರಶ್ನೆಯ ಉತ್ತರಕ್ಕೆ ಕಾಯುತ್ತ ಕುಳಿತಿದ್ದ.

"ನಾಳೆಯಿಂದ ದಾಸೋಹದಲ್ಲಿ, ಸಾವಿರ ಜನ ನೂಕಾಡುವ ಪಂಕ್ತಿಗೆ ನೀನೇ ಬಡಿಸು" ಎಂದರು ಗುರುಗಳು.

ಚನ್ನವೀರ ಓಲೆಗರಿಗಳನ್ನು ಕಟ್ಟಿಟ್ಟು ಎದ್ದ.