ಓಗೊಡದ ಕೊಂಬು

“ಹೆಬ್ಬಂಡೆಯ ದೊರೆ ಇರುಗರಸರ ಆಜ್ಞೆ! ಮೂರು ಒಗಟುಗಳಿಗೆ ಸರಿಯಾದ ಉತ್ತರ ಹೇಳಿದವನಿಗೆ ರಾಜ್ಯದ ಎಲ್ಲ ಕೊಂಬುಗಳ ಅಧಿಕಾರ ಸಿಗುವುದು. ಯಾವ ಕೂಗಿಗೆ ಯಾರು ಓಗೊಡಬೇಕೆಂದು ಅವನೇ ಕಟ್ಟಳೆ ಮಾಡುವನು. ಆ ಕಟ್ಟಳೆಗೆ ದೊರೆಯೂ ತಲೆಬಾಗುವರು. ಉತ್ತರ ತಪ್ಪಿದವನನ್ನು ಬುರುಜಿನಿಂದ ಕೆಳಕ್ಕೆ ತಳ್ಳಲಾಗುವುದು!”

ಡಂಗುರ ಹೀಗೆ ಸಾರಿತು. ದೊರೆ ತುಂಬಿದ ಸಭೆಯಲ್ಲಿ ಕತ್ತಿ ಮುಟ್ಟಿ ಆಣೆ ಮಾಡಿದ್ದ. ಯಾರೂ ಗೆಲ್ಲುವುದಿಲ್ಲ ಎಂಬ ಧೈರ್ಯವಿದ್ದಾಗ ಆಣೆ ಮಾಡುವುದು ಬಲು ಸುಲಭ.

ಆ ನಾಡಿನ ಬುರುಜು ಬುರುಜಿಗೂ ಒಂದು ಕೊಂಬು. ಕಣಜದ ಕಾವಲಿನವರದು ಒಂದು ಬಳಗ, ಗಡಿಯವರದು ಒಂದು, ಬೊಕ್ಕಸದವರದು ಒಂದು. ಪ್ರತಿ ಬಳಗಕ್ಕೂ ಅದರದೇ ಕೂಗು. ತನ್ನ ಬಳಗದ ಕೂಗಿಗಲ್ಲದೆ ಬೇರೆಯದಕ್ಕೆ ಓಗೊಟ್ಟವನ ನಾಲಿಗೆ ಕತ್ತರಿಸಬೇಕೆಂದು ದೊರೆಯೇ ಕಟ್ಟಳೆ ಮಾಡಿದ್ದ. ಒಂದು ದಿನ ಬೊಕ್ಕಸದ ಬುರುಜಿನ ಕೆಳಗೆ ದರೋಡೆಕೋರರು ಯುವರಾಜನನ್ನು ಮುತ್ತಿದರು. ಅವನು ಬೇಟೆಯ ಕೊಂಬು ಊದಿದ, ಮತ್ತೆ ಮತ್ತೆ ಊದಿದ. ಬುರುಜಿನ ಮೇಲಿದ್ದ ಹಾಲಪ್ಪ ಕೇಳಿಸಿಕೊಂಡ. ಅದು ಬಳಗದ ಕೂಗಲ್ಲ ಎಂದು ಸುಮ್ಮನಿದ್ದ. ಯುವರಾಜ ಸತ್ತ. ಓಗೊಟ್ಟರೆ ನಾಲಿಗೆ ಹೋಗುತ್ತಿತ್ತು. ಓಗೊಡದಿದ್ದುದಕ್ಕೂ ದೊರೆ ಹಾಲಪ್ಪನ ನಾಲಿಗೆಯನ್ನೇ ಕತ್ತರಿಸಿ ಸೆರೆಗೆ ತಳ್ಳಿದ. ಅಂಥವನ ನ್ಯಾಯಕ್ಕೆ ಬೆಂಕಿ ಹಾಕ.

ಅಂದಿನಿಂದ ಯಾವ ಕೊಂಬಿಗೆ ಓಗೊಡಬೇಕು, ಯಾವುದಕ್ಕೆ ಬಿಡಬೇಕು ಎಂದು ಯಾರಿಗೂ ತಿಳಿಯದಂತಾಗಿತ್ತು. ಅದಕ್ಕೇ ಈ ಒಗಟುಗಳು. ಎರಡು ದೊರೆಯವು. ಮೂರನೆಯದು ಸತ್ತವನ ತಾಯಿ ರಾಣಿ ಜಾಕವ್ವೆಯದು. ಅದರ ಉತ್ತರ ದೊರೆಗೂ ಗೊತ್ತಿರಲಿಲ್ಲ.

ಬುರುಜಿನ ಮೇಲೆಯೇ ಸಭೆ ಸೇರಿಸಿ, ಬಾಗಿಲು ಮುಚ್ಚಿ ಒಬ್ಬೊಬ್ಬರನ್ನೇ ಒಳಗೆ ಕರೆದರು. ಮಂತ್ರಿಯ ಮಗ ಮೊದಲ ಒಗಟಿಗೇ ತಪ್ಪಿದ. ಅವನ ಅರಚಾಟ ಬುರುಜಿನಿಂದ ಕೆಳಗಿಳಿದು ನಿಂತುಹೋಯಿತು. ರಾಜಪಂಡಿತ ಎರಡನೆಯದಕ್ಕೆ ಉರುಳಿದ. ದಂಡನಾಯಕ ಮೂರನೆಯದರ ತನಕ ಬಂದು, “ಓಗೊಡದ ಕಾವಲುಗಾರನೇ” ಎಂದ. ರಾಣಿ ತಲೆಯಲ್ಲಾಡಿಸಿದಳು. ಅವನೂ ಹೋದ.

ಕೊನೆಗೆ ಬಂದವನು ಸುಣ್ಣ ಸುಡುವ ದುಗ್ಗ, ಹಾಲಪ್ಪನ ತಮ್ಮ. ಅವನಿಗೆ ಅಧಿಕಾರ ಬೇಕಿರಲಿಲ್ಲ, ಅಣ್ಣ ಬೇಕಿತ್ತು.

ದೊರೆ ಕೇಳಿದ: “ಒಂದು ಮನೆ. ಗೋಡೆಯಿಲ್ಲ, ಬಾಗಿಲಿಲ್ಲ. ಒಳಗಿನವರು ಹರದಾರಿ ದೂರವಿದ್ದರೂ ಮಾತಾಡಿಕೊಳ್ಳುತ್ತಾರೆ. ಹೊರಗಿನವನು ಪಕ್ಕದಲ್ಲೇ ನಿಂತರೂ ಒಳಗೆ ಬರಲಾರ. ಯಾವ ಮನೆ? ಮಂತ್ರಿಯ ಮಗ ಸ್ವರ್ಗ ಅಂದ, ಅಲ್ಲಿಗೇ ಕಳಿಸಿದೆ.”

“ನಿಮ್ಮ ಕೊಂಬಿನ ಬಳಗ, ಬುದ್ಧಿ. ಅಲ್ಲಿ ಕೂಗೇ ಗೋಡೆ.”

ದೊರೆ ಚಪ್ಪಾಳೆ ತಟ್ಟಿದ. ಇಬ್ಬರನ್ನು ಎಳೆದು ತಂದರು. ಒಬ್ಬನ ಕಿವಿಗೆ ಕಾದ ಸೀಸ ಹೊಯ್ದಿದ್ದರು. ಇನ್ನೊಬ್ಬನ ಗಡ್ಡದಲ್ಲಿ ರಕ್ತ ಒಣಗಿತ್ತು.

“ಅಣ್ಣಾ!” ಎಂದ ದುಗ್ಗ.

“ಓಹೋ, ನಿನ್ನ ಅಣ್ಣನೋ?” ದೊರೆಗೆ ಖುಷಿಯಾಯಿತು. “ಇವನಿಗೆ ಕಿವಿಯಿದೆ, ಬಾಯಿಲ್ಲ. ಅವನಿಗೆ ಬಾಯಿದೆ, ಕಿವಿಯಿಲ್ಲ. ಬೊಕ್ಕಸದ ಬುರುಜಿಗೆ ಯಾರನ್ನಿಡಲಿ? ಈ ಸಲ ನೀನು ಬೇಡ ಅಂದವನನ್ನೂ ತಳ್ಳಿಸುತ್ತೇನೆ.”

ದುಗ್ಗನ ಕಣ್ಣಲ್ಲಿ ನೀರು ಬಂತು. ಅಣ್ಣನ ಹೆಸರು ಹೇಳಿದರೆ ಉತ್ತರ ತಪ್ಪಿ ತಾನು ಸಾಯುತ್ತಾನೆ. ಆಮೇಲೆ ಅಣ್ಣನನ್ನು ಉಳಿಸುವವರು ಯಾರು?

“ಕಿವಿಯಿಲ್ಲದವನನ್ನೇ ಇಡಿ, ಬುದ್ಧಿ. ಕಳ್ಳನೊಬ್ಬ ಬಳಗದ ಕೂಗು ಕಲಿತು ಊದಿದ್ರೆ, ಬರೀ ಕಿವಿಯಿದ್ದವನು ನಂಬಿ ಬಾಗಿಲು ತೆಗೀತಾನೆ. ಮೋಸ ಅಂತ ಗೊತ್ತಾದ ಮೇಲೂ ನಾಲಿಗೆಯಿಲ್ಲದೆ ಕೊಂಬು ಊದಿ ಯಾರನ್ನೂ ಕರೆಯೋಕಾಗಲ್ಲ. ಕಿವಿಯಿಲ್ಲದವನನ್ನು ಹೊರಗಿಂದ ಕೂಗಿ ಏಮಾರಿಸೋಕಾಗಲ್ಲ. ಕಳ್ಳ ಕಣ್ಣಿಗೆ ಬಿದ್ರೆ ಅವನೇ ಕೊಂಬು ಊದ್ತಾನೆ.”

“ಸರಿ! ಪಂಡಿತ ನೋಡು, ಬಾಯಿಲ್ಲದವನು ಗುಟ್ಟು ಬಿಡುವುದಿಲ್ಲ ಎಂದು ಬಡಬಡಿಸಿ ಸತ್ತ. ನೀನು ನಿನ್ನಣ್ಣನನ್ನು ನೀನೇ ಬೇಡ ಅಂದೆ.” ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಭಟರು ಹಾಲಪ್ಪನನ್ನು ಬುರುಜಿನ ಅಂಚಿಗೆ ನಡೆಸಿದರು.

“ನನ್ನ ಒಗಟು ಮುಗಿಯಲಿ, ಆಮೇಲೆ ತಳ್ಳಿ,” ಎಂದಳು ರಾಣಿ. “ಒಬ್ಬ ಕೂಗಿದ. ಕೇಳಿಸಿಕೊಂಡವನಿದ್ದ, ಓಗೊಡಲಿಲ್ಲ. ಕೂಗಿದವನು ಸತ್ತ. ಕೊಂದವನು ಯಾರಪ್ಪ?”

ದುಗ್ಗ ಅಂಚಿನಲ್ಲಿ ನಿಂತ ಅಣ್ಣನನ್ನು ನೋಡಿದ.

“ಓಗೊಟ್ರೆ ನಾಲಿಗೆ ಕತ್ತರಿಸ್ತೀನಿ ಅಂದವರು, ತಾಯಿ.”

“ಹೆಸರು ಹೇಳು.”

“ಇರುಗರಸರು.”

ದೊರೆ ಕತ್ತಿ ಹಿರಿದ. ಅದೇ ಕತ್ತಿ ಮುಟ್ಟಿ ಆಣೆ ಮಾಡಿದ್ದನ್ನು ಇಡೀ ಸಭೆ ನೋಡಿತ್ತು. ಬೀಸಲಾಗದೆ ಇಳಿಸಿದ.

“ಉತ್ತರ ಸರಿಯಾಗಿದೆ,” ಎಂದಳು ರಾಣಿ. ಆಮೇಲೆ ಅವಳು ಗಂಡನ ಜೊತೆ ಮಾತೇ ಆಡಲಿಲ್ಲ.

ದುಗ್ಗ ಮೊದಲು ಅಣ್ಣನನ್ನು ಅಂಚಿನಿಂದ ಈಚೆಗೆ ಕರೆಸಿ ಅಪ್ಪಿಕೊಂಡ. ಆಮೇಲೆ ಕಟ್ಟಳೆ ಸಾರಿದ: “ಬಳಗಗಳು ಹಿಂದಿನ ಹಾಗೇ ಇರಲಿ. ಆದರೆ ಪ್ರಾಣಭಯದ ಕೂಗಿಗೆ ಯಾವ ಬಳಗವೂ ಅಡ್ಡವಲ್ಲ. ಯಾರೇ ಊದಲಿ, ಕೇಳಿಸಿಕೊಂಡವರೆಲ್ಲ ಓಡಬೇಕು.”

“ನನ್ನನ್ನು ಯಾವ ಬಳಗದಲ್ಲಿಟ್ಟೆ?” ಎಂದ ದೊರೆ.

“ಯಾವುದರಲ್ಲೂ ಇಟ್ಟಿಲ್ಲ, ಬುದ್ಧಿ.”

“ನಾನು ಆಜ್ಞೆ ಕೊಟ್ಟರೆ ಕೇಳುವವರು ಯಾರು?”

“ಯಾರೂ ಇಲ್ಲ. ಜೀವಕ್ಕೆ ಕುತ್ತು ಬಂದಾಗ ಊದಿ, ಬರ್ತೀವಿ.”

ಅಂದಿನಿಂದ ದೊರೆ ದಿನಾ ಕೊಂಬು ಊದಿ ಅವನನ್ನು ಕೊಲ್ಲಿ, ಇವನನ್ನು ತಳ್ಳಿ ಎನ್ನುತ್ತಿದ್ದ. ಬುರುಜುಗಳು ತೆಪ್ಪಗಿದ್ದವು. ಕಡೆಗೊಂದು ದಿನ ಅವನ ಎದೆ ಹಿಡಿದುಕೊಂಡಿತು. ಕೊಂಬು ಕೈಯಲ್ಲೇ ಇತ್ತು, ಕಾವಲಿನವರು ಕೂಗಳತೆಯಲ್ಲೇ ಇದ್ದರು. ಒಂದು ಸಲ ಪ್ರಾಣಭಯದ ಕೂಗು ಊದಿದ್ದರೆ ನಾಡಿಗೆ ನಾಡೇ ಓಡಿಬರುತ್ತಿತ್ತು. ದೊರೆಯಾದವನು ಕಾಪಾಡಿ ಎನ್ನುವುದು ಹೇಗೆಂದು ಅವನಿಗೆ ನಾಚಿಕೆಯಾಯಿತು. ಊದದೆಯೇ ಸತ್ತ.